ದತ್ತ ಎಂದರೆ ಕೊಟ್ಟದ್ದು

ಕನ್ನಡ ಮಾಧ್ಯಮದಲ್ಲಿ ರೇಖಾಗಣಿತ ಕಲಿತವರಿಗೆ ‘ದತ್ತ’ ಹಳೆಯ ಪರಿಚಯ. ಪ್ರಮೇಯ ಬರೆಯುವಾಗ ಮೊದಲ ಸಾಲು ‘ದತ್ತ’, ಎರಡನೆಯದು ‘ಸಾಧನೀಯ’, ಬೇಕಿದ್ದರೆ ‘ರಚನೆ’, ಕೊನೆಗೆ ‘ಸಾಧನೆ’. ತ್ರಿಭುಜದ ಎರಡು ಬಾಹುಗಳು ಸಮ ಎಂದು ದತ್ತದಲ್ಲಿ ಬರೆದ ಮೇಲೆ ಅದನ್ನು ಯಾರೂ ಕೆದಕುವುದಿಲ್ಲ. ಅದು ಕೊಟ್ಟದ್ದು, ಮುಂದಿನದೆಲ್ಲ ಅದರ ಮೇಲೆ ನಿಲ್ಲಬೇಕು. ಇದೇ ಮಕ್ಕಳು ಗಣಿತದ ಇನ್ನೊಂದು ಪಾಠದಲ್ಲಿ ‘ದತ್ತಾಂಶ’ಗಳನ್ನು ಕೋಷ್ಟಕಕ್ಕೆ ಇಳಿಸಿ ಸ್ತಂಭಾಲೇಖ ಎಳೆಯುತ್ತಾರೆ. ಶಾಲೆ ದಾಟಿ ಹೊರಬಂದರೆ ಪತ್ರಿಕೆಗಳಲ್ಲಿ ದತ್ತಾಂಶ ಕೇಂದ್ರ, ದತ್ತಾಂಶ ಸೋರಿಕೆ, ದತ್ತಾಂಶ ಸಂರಕ್ಷಣೆ. ಒಂದು ಯಂತ್ರದಿಂದ ಇನ್ನೊಂದಕ್ಕೆ, ಹೊಲದಂಚಿನ ಮಳೆಮಾಪಕದಿಂದ ರಾಜಧಾನಿಯ ಕಚೇರಿಗೆ, ಒಂದು ದೇಶದ ಕೋಶದಿಂದ ಮತ್ತೊಂದು ದೇಶದ ಪರದೆಗೆ ಈಗ ಹರಿಯುತ್ತಿರುವುದು ಇದೇ.

ಈ ಪದದ ಬಾಳನ್ನು ಬುಡದಿಂದ ಹಿಡಿದು ನೋಡಿದರೆ ಒಂದು ಸಂಗತಿ ನಿಚ್ಚಳವಾಗುತ್ತದೆ. ಗುರುತಿಲ್ಲದ ಯಂತ್ರಗಳು ಪರಸ್ಪರ ಕೇಳಿ ಪಡೆಯುವುದಕ್ಕೆ ಬೇಕಾದ ಶಿಸ್ತು ಗಣಕಗಳ ಜೊತೆ ಹುಟ್ಟಿದ್ದಲ್ಲ. ಕೊಡುವುದು ಎಂಬ ಕ್ರಿಯೆಯನ್ನು ಮನುಷ್ಯರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೋ ಆ ಗಾಂಭೀರ್ಯದಲ್ಲೇ ಅದು ಇತ್ತು.

ಸಂಸ್ಕೃತದಲ್ಲಿ ‘ದಾ’ ಎಂದರೆ ಕೊಡು. ಭೂತಕೃದಂತದ ಪ್ರತ್ಯಯ ಹತ್ತಿದಾಗ ಈ ಧಾತು ‘ದದ್’ ಎಂದಾಗುತ್ತದೆಂದು ಪಾಣಿನಿ ಒಂದು ಸೂತ್ರವನ್ನೇ ಮಾಡಿದ್ದಾನೆ. ಹಾಗೆ ಬಂದದ್ದು ‘ದತ್ತ’, ಕೊಡಲ್ಪಟ್ಟದ್ದು. ದಾನ, ದಾತ, ಪ್ರದಾನ ಇದರ ಒಡಹುಟ್ಟುಗಳು. ಪೂರ್ತಿಯಾಗಿ ಮುಂದಿನವರ ಕೈಗೆ ಒಪ್ಪಿಸಿದ್ದು ‘ಸಂಪ್ರದಾಯ’. ಮುಂದೆ ‘ಆ’ ಎಂಬ ಉಪಸರ್ಗ ಸೇರಿದರೆ ಅರ್ಥ ತಿರುಗಿ ನಿಲ್ಲುತ್ತದೆ: ‘ಆದಾನ’ ಎಂದರೆ ತೆಗೆದುಕೊಳ್ಳುವುದು, ‘ಆದಾಯ’ ಎಂದರೆ ಕೈಗೆ ಬಂದದ್ದು. ಆದ್ದರಿಂದಲೇ ವಿನಿಮಯಕ್ಕೆ ನಾವು ‘ಆದಾನ ಪ್ರದಾನ’ ಎನ್ನುತ್ತೇವೆ. ಕೊಡುವುದೂ ಕೊಳ್ಳುವುದೂ ಅಲ್ಲಿ ಒಂದೇ ಧಾತುವಿನ ಎರಡು ಮುಖ. ವ್ಯಾಕರಣದಲ್ಲಿ ಯಾರಿಗೆ ಕೊಡಲಾಗುತ್ತದೋ ಅದು ಸಂಪ್ರದಾನ ಕಾರಕ. ನಮ್ಮ ‘ಗೆ’, ‘ಕೆ’ ಪ್ರತ್ಯಯಗಳ ಜಾಗ ಅದು.

ಕನ್ನಡದ ಮನೆಯೊಳಗೆ ಈ ಪದ ಬಹು ಕಾಲದಿಂದ ಬಾಳಿದೆ. ಹೆತ್ತವರು ಕೊಟ್ಟು, ಸಾಕುವವರು ಪಡೆದ ಮಗು ‘ದತ್ತು’. ಅತ್ರಿಗೆ ದತ್ತನಾದವನು ದತ್ತಾತ್ರೇಯ. ಆ ಹೆಸರು ಹೊತ್ತ ಬೇಂದ್ರೆಯವರು ತಾಯಿ ಅಂಬಿಕೆಯನ್ನೂ ಸೇರಿಸಿಕೊಂಡು ‘ಅಂಬಿಕಾತನಯದತ್ತ’ರಾದರು. ‘ದತ್ತಿ’ಯಂತೂ ಇವತ್ತಿಗೂ ಚಲಾವಣೆಯಲ್ಲಿದೆ: ದತ್ತಿ ನಿಧಿ, ದತ್ತಿ ಉಪನ್ಯಾಸ, ದತ್ತಿ ಬಹುಮಾನ. ಹೊಯ್ಸಳ, ಚಾಲುಕ್ಯ ಕಾಲದ ಶಾಸನಗಳಲ್ಲಿ ‘ಬಿಟ್ಟ ದತ್ತಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಚ್ಚಗನ್ನಡದಲ್ಲಿ ಇದಕ್ಕೆ ಜೋಡಿಯಾಗಿ ನಿಂತದ್ದು ‘ಕೊಡಗೆ’, ಇಂದಿನ ನಮ್ಮ ‘ಕೊಡುಗೆ’. ಕಾಳಗದಲ್ಲಿ ಮಡಿದವನ ಕುಟುಂಬಕ್ಕೆ ಬಿಟ್ಟ ಭೂಮಿ ನೆತ್ತರುಕೊಡಗೆ.

ಇತ್ತ ಹೀಗಿರಲು, ಅತ್ತ ರೋಮಿನಲ್ಲಿ ಇದೇ ಧಾತುವಿನ ದಾಯಾದಿ ಬೆಳೆಯುತ್ತಿತ್ತು. ಲ್ಯಾಟಿನ್‌ನಲ್ಲಿ ‘ದಾರೆ’ ಎಂದರೆ ಕೊಡುವುದು, ‘ದಾತುಂ’ ಕೊಟ್ಟದ್ದು, ಬಹುವಚನದಲ್ಲಿ ‘ದಾತಾ’. ರೋಮನರು ಪತ್ರ ಬರೆದು ಓಲೆಕಾರನ ಕೈಗಿತ್ತಾಗ, ಇಂಥ ಊರಿನಲ್ಲಿ ಇಂಥ ದಿನ ‘ಕೊಟ್ಟದ್ದು’ ಎಂದು ನಮೂದಿಸುತ್ತಿದ್ದರು. ಆ ‘ದಾತಾ’ವೇ ಮುಂದೆ ದಿನಾಂಕದ ಹೆಸರಾಗಿ ಇಂಗ್ಲಿಷಿನ ‘ಡೇಟ್’ ಆಯಿತು. ಡೇಟು, ಡೇಟಾ ಎರಡೂ ಒಂದೇ ಪದ. ಯಾವಾಗ ಕೊಟ್ಟದ್ದು ಎಂದು ಹೇಳದೆ ಕೊಟ್ಟದ್ದು ಪೂರ್ತಿಯಾಗದು ಎಂಬ ತಿಳಿವಳಿಕೆ ಆ ಪದದೊಳಗೇ ಅಚ್ಚಾಗಿ ಕೂತಿದೆ.

ಗ್ರೀಕರ ಯೂಕ್ಲಿಡ್ ‘ಡೆಡೊಮೆನಾ’ ಎಂಬ ಹೊತ್ತಗೆ ಬರೆದ. ಆ ಮಾತಿಗೂ ‘ಕೊಟ್ಟವು’ ಎಂದೇ ಅರ್ಥ, ಅದರ ಲ್ಯಾಟಿನ್ ಹೆಸರು ‘ಡೇಟಾ’. ಆಕೃತಿಯೊಂದರಲ್ಲಿ ಕೆಲವು ಸಂಗತಿಗಳನ್ನು ಕೊಟ್ಟಿದ್ದರೆ ಇನ್ನು ಯಾವ ಯಾವುದು ತಾನಾಗಿ ಕೊಟ್ಟಂತಾಗುತ್ತದೆ ಎಂಬುದು ಅದರ ವಿಷಯ. ನಮ್ಮ ಶಾಲೆಯ ಪ್ರಮೇಯದ ಮೊದಲ ಸಾಲಿನ ‘ದತ್ತ’ ನೇರವಾಗಿ ಆ ವಂಶದ್ದು. 1640ರ ದಶಕದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗಲೂ ಅರ್ಥ ಅದೇ ಇತ್ತು: ವಾದಕ್ಕೆ ಮುಂಚೆ ಇಬ್ಬರೂ ಒಪ್ಪಿಕೊಂಡ ನೆಲೆ. 18ನೆಯ ಶತಮಾನದ ಕೊನೆಯ ಹೊತ್ತಿಗೆ ಅದು ತಲೆಕೆಳಗಾಯಿತು. ಪ್ರಯೋಗಕ್ಕೆ ಮುಂಚೆ ಒಪ್ಪಿಕೊಂಡದ್ದಲ್ಲ, ಪ್ರಯೋಗದಿಂದ, ವೀಕ್ಷಣೆಯಿಂದ ಸಿಕ್ಕಿದ್ದು ‘ಡೇಟಾ’ ಎನಿಸಿತು. ಕೊಡುವವನು ಗುರುವಲ್ಲ, ದೇವರಲ್ಲ, ನಿಸರ್ಗ, ಉಪಕರಣ. ಪದ ಉಳಿಯಿತು, ದಾತ ಬದಲಾದ.

ಇದನ್ನು ಭಾರತದ ಭಾಷೆಗಳು ಬರಮಾಡಿಕೊಂಡ ಬಗೆ ಬೇರೆ ಬೇರೆ. ಕನ್ನಡ, ತೆಲುಗುಗಳ ಪಠ್ಯಪುಸ್ತಕಗಳು ‘ದತ್ತ’ಕ್ಕೆ ‘ಅಂಶ’ ಸೇರಿಸಿ ದತ್ತಾಂಶ ಎಂದವು. ಮಲಯಾಳದಲ್ಲಿ ‘ದತ್ತಂ’ ಎಂಬುದುಂಟು. ತಮಿಳರು ಮಾತ್ರ ಸಂಸ್ಕೃತದ ಕಡೆ ನೋಡದೆ ‘ತರವು’ ಎಂದರು. ನನಗೆ ಅಥವಾ ನಿನಗೆ ಕೊಡು ಎಂಬರ್ಥದ ‘ತರು’ ಅದರ ಬೇರು. ಕನ್ನಡದ ‘ತರು’ ಅದೇ ದ್ರಾವಿಡ ಬೇರಿನದು. ನಮ್ಮಲ್ಲಿ ಅದು ಹೊತ್ತು ತರುವುದಾಯಿತು, ತಮಿಳಿನಲ್ಲಿ ಕೈಗೆ ಕೊಡುವುದಾಗಿ ಉಳಿಯಿತು. ಲ್ಯಾಟಿನ್, ಸಂಸ್ಕೃತ, ದ್ರಾವಿಡ ಎಂಬ ಮೂರು ದಾರಿಗಳು ಕೊಡುವ ಕ್ರಿಯೆಯ ಬಳಿಯೇ ಬಂದು ಕೂಡುತ್ತವೆ. ರಷ್ಯನ್ನರ ‘ದಾನ್ನಿಯೆ’, ಫ್ರೆಂಚರ ‘ದೊನೆ’ ಕೂಡ ಕೊಟ್ಟದ್ದೇ.

ಕೊಟ್ಟರೆ ಹೇಗೆ ಕೊಡಬೇಕು ಎಂಬುದನ್ನು ನಮ್ಮ ನಾಡು ಕಲ್ಲಿನಲ್ಲಿ, ತಾಮ್ರದಲ್ಲಿ ಕಲಿತಿದೆ. ದಾನಶಾಸನವೊಂದನ್ನು ಸಾವಧಾನವಾಗಿ ಓದಿ. ಕೊಟ್ಟವನ ಹೆಸರು, ಅವನ ವಂಶ. ಪಡೆದವನ ಹೆಸರು. ಕೊಟ್ಟದ್ದು ಎಷ್ಟು ಮತ್ತರು, ಎಷ್ಟು ಕಮ್ಮ. ಆ ಮತ್ತರನ್ನು ಯಾವ ಗಳೆಯಿಂದ ಅಳೆದದ್ದು ಎಂಬುದೂ ಉಂಟು, ಏಕೆಂದರೆ ಊರಿಂದೂರಿಗೆ ಗಳೆಯ ಉದ್ದ ಬೇರೆಯಾಗುತ್ತಿತ್ತು. ಬಳ್ಳಿಗಾವೆಯ ಕಡೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂದು ಹೆಸರಿಟ್ಟೇ ಹೇಳಿದೆ. ಅನಂತರ ನಾಲ್ಕು ದಿಕ್ಕಿನ ಎಲ್ಲೆ: ಹುತ್ತ, ಹುಣಸೆಮರ, ಕೆರೆಯ ಕೋಡಿ, ನಟ್ಟ ಕಲ್ಲು. ಗಂಗರ ಎಷ್ಟೋ ತಾಮ್ರಪಟಗಳಲ್ಲಿ ರಾಜನ ಹೊಗಳಿಕೆ ಸಂಸ್ಕೃತದಲ್ಲಿದ್ದು, ಎಲ್ಲೆ ಹೇಳುವ ಜಾಗ ಬಂದೊಡನೆ ಭಾಷೆ ಕನ್ನಡಕ್ಕೆ ಹೊರಳುತ್ತದೆ. ವೈಭವಕ್ಕೆ ಸಂಸ್ಕೃತ ಸಾಕು. ಜಗಳ ಬರಬಾರದ ಕಡೆ ಊರವರಿಗೆ ತಿಳಿಯುವ ಮಾತೇ ಬೇಕು. ಕಡೆಗೆ ಸಾಕ್ಷಿಗಳು, ಕಂಡರಿಸಿದವನ ಹೆಸರು, ಮತ್ತು ಶಾಪಾಶಯ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಕಿತ್ತುಕೊಂಡವನಿಗೆ ಕೇಡು ಎಂದು ಸಾರುವ ಶ್ಲೋಕದಲ್ಲಿ ‘ಸ್ವದತ್ತ’, ‘ಪರದತ್ತ’ ಎಂಬ ನಮ್ಮ ಪದವೇ ಎರಡು ಬಾರಿ ನಿಂತಿದೆ.

ಕಾಲದ ನಮೂದು ಎಷ್ಟು ಮುಖ್ಯ ಎಂಬುದಕ್ಕೆ ಎರಡು ಶಾಸನಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಹಲ್ಮಿಡಿ ಶಾಸನದಲ್ಲಿ ಕೊಟ್ಟವರಿದ್ದಾರೆ, ಪಡೆದ ವಿಜ ಅರಸನಿದ್ದಾನೆ, ಕೊಟ್ಟ ಊರುಗಳಿವೆ, ‘ಕೊಟ್ಟಾರ್’ ಎಂಬ ಕ್ರಿಯಾಪದವಿದೆ, ಅಳಿದವನಿಗೆ ಮಹಾಪಾತಕವೆಂಬ ಎಚ್ಚರಿಕೆಯೂ ಇದೆ. ವರ್ಷ ಇಲ್ಲ. ಹಾಗಾಗಿ ವಿದ್ವಾಂಸರು ಅಕ್ಷರದ ರೂಪವನ್ನೂ ರಾಜನ ಹೆಸರನ್ನೂ ಹಿಡಿದು ಸುಮಾರು 450 ಎಂದು ಊಹಿಸಬೇಕಾಯಿತು. ಆ ಚರ್ಚೆ ಇನ್ನೂ ಮುಗಿದಿಲ್ಲ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಬರೆಸಿದ ಶಾಸನದಲ್ಲಿ ಶಕವರ್ಷ 465 ಎಂದಿದೆ. ಅದು ಕ್ರಿ.ಶ. 543, ಚರ್ಚೆಗೆ ಎಡೆಯೇ ಇಲ್ಲ. ಮುಂದಿನ ಶತಮಾನಗಳ ಶಾಸನಗಳು ಶಕವರ್ಷದ ಜೊತೆಗೆ ಸಂವತ್ಸರ, ಮಾಸ, ತಿಥಿ, ವಾರಗಳನ್ನೂ ಹೇಳತೊಡಗಿದವು. ಒಂದು ತಪ್ಪಾದರೆ ಇನ್ನೊಂದು ಹಿಡಿದುಕೊಡುತ್ತದೆ. ಗಣಕಗಳ ನಡುವೆ ಸಂದೇಶ ಕಳಿಸುವವರು ಇಂದಿಗೂ ಹೆಚ್ಚಿನ ಅಂಕಿಯೊಂದನ್ನು ಸೇರಿಸಿ ಕಳಿಸುವುದು ಇದೇ ಕಾರಣಕ್ಕೆ.

ಗಳೆಯ ಹೆಸರು ಹೇಳದೆ ಅಳತೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು 1999ರ ಸೆಪ್ಟೆಂಬರ್ 23ರಂದು ಜಗತ್ತು ಕಂಡಿತು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಹತ್ತಿರ ಹೋಗಿ ಕಳೆದುಹೋಯಿತು. ನೆಲದ ಮೇಲಿನ ಒಂದು ತಂತ್ರಾಂಶ ನೂಕುಬಲದ ಲೆಕ್ಕವನ್ನು ಪೌಂಡುಗಳಲ್ಲಿ ಕೊಟ್ಟಿತ್ತು. ಪಡೆದ ತಂತ್ರಾಂಶ ಅದನ್ನು ನ್ಯೂಟನ್ ಎಂದು ಓದಿಕೊಂಡಿತು. ಅಂಕಿಗಳಲ್ಲಿ ತಪ್ಪಿರಲಿಲ್ಲ. ಆ ಅಂಕಿಯ ಜೊತೆ ಹೋಗಬೇಕಿದ್ದ ಒಂದು ಮಾತು ಹೋಗಿರಲಿಲ್ಲ.

ಅದೇ ವರ್ಷ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಆರ್‌ಡಿಎಫ್ ಎಂಬ ಶಿಫಾರಸನ್ನು ಹೊರಡಿಸಿತು. ವೆಬ್ಬನ್ನು ಕಟ್ಟಿದ ಟಿಮ್ ಬರ್ನರ್ಸ್-ಲೀಗೆ ಪುಟಗಳನ್ನು ಪುಟಗಳಿಗೆ ಕೊಂಡಿ ಹಾಕಿದ್ದಷ್ಟೇ ಸಾಲದಾಗಿತ್ತು. ಪುಟದೊಳಗಿನ ಸಂಗತಿಗಳೇ ಒಂದಕ್ಕೊಂದು ಬೆಸೆದುಕೊಳ್ಳಬೇಕಿತ್ತು. ಆರ್‌ಡಿಎಫ್ ಪ್ರತಿ ಸಂಗತಿಯನ್ನು ಮೂರು ತುಂಡಿನ ಚಿಕ್ಕ ವಾಕ್ಯವಾಗಿ ಬರೆಯುತ್ತದೆ: ‘ಹಲ್ಮಿಡಿ, ಇರುವ ಜಿಲ್ಲೆ, ಹಾಸನ.’ ಯಾವ ವಸ್ತು, ಯಾವ ಸಂಬಂಧ, ಯಾವ ಬೆಲೆ. ಪ್ರತಿಯೊಂದಕ್ಕೂ ಜಗತ್ತಿನಲ್ಲಿ ಮತ್ತೆಲ್ಲೂ ಬಾರದ ಒಂದು ವಿಳಾಸ. ಇಂಥ ವಾಕ್ಯಗಳ ರಾಶಿಯನ್ನು ಪ್ರಶ್ನಿಸಲು 2008ರಲ್ಲಿ ಸ್ಪಾರ್ಕಲ್ ಎಂಬ ಪ್ರಶ್ನೆಭಾಷೆ ಬಂತು. ಅದರ ಪ್ರಶ್ನೆ ಎಂದರೆ ಒಂದು ತುಂಡು ಖಾಲಿ ಬಿಟ್ಟ ವಾಕ್ಯ: ‘ಏನೋ ಒಂದು, ಇರುವ ಜಿಲ್ಲೆ, ಹಾಸನ.’ ಖಾಲಿ ಜಾಗಕ್ಕೆ ಒಪ್ಪುವುದೆಲ್ಲ ಉತ್ತರವಾಗಿ ಬರುತ್ತದೆ. ಎರಡು ದೇಶಗಳ ಎರಡು ಕೋಶಗಳನ್ನು ಒಂದೇ ಪ್ರಶ್ನೆಯಲ್ಲಿ ಕೇಳುವುದೂ ಸಾಧ್ಯ, ಇಬ್ಬರೂ ಒಂದೇ ವಸ್ತುವಿಗೆ ಒಂದೇ ವಿಳಾಸ ಬಳಸಿದ್ದರೆ.

2012ರ ಅಕ್ಟೋಬರ್‌ನಲ್ಲಿ ಶುರುವಾದ ವಿಕಿಡೇಟಾ ಇದನ್ನು ಎಲ್ಲರ ಕೈಗೆ ತಂದಿತು. ಅದರಲ್ಲಿ ಕರ್ನಾಟಕ ಎಂದರೆ ಕ್ಯೂ1185, ಬೆಂಗಳೂರು ಎಂದರೆ ಕ್ಯೂ1355. ಯಂತ್ರಕ್ಕೆ ಈ ಸಂಖ್ಯೆ ಸಾಕು. ಮನುಷ್ಯನಿಗೆ ಅದು ಅವನವನ ಭಾಷೆಯ ಹೆಸರಿನಲ್ಲಿ ಕಾಣುತ್ತದೆ, ಯಾರಾದರೂ ಆ ಹೆಸರನ್ನು ಬರೆದಿಟ್ಟಿದ್ದರೆ. ಪ್ರತಿ ಹೇಳಿಕೆಯ ಕೆಳಗೆ ಇದು ಎಲ್ಲಿಂದ ಬಂದದ್ದು, ಯಾವ ಕಾಲದ್ದು ಎಂದು ಸೇರಿಸಲು ಜಾಗವಿದೆ. ಸಾಕ್ಷಿಯ ಸಾಲು ಮತ್ತೆ ಬಂತು. ಕೊಟ್ಟದ್ದನ್ನು ಯಾರು ಬೇಕಾದರೂ ಯಾವ ಷರತ್ತೂ ಇಲ್ಲದೆ ಬಳಸಬಹುದು ಎಂಬುದು ಅಲ್ಲಿನ ನಿಯಮ; ದತ್ತಿಯ ಅರ್ಥ ಪೂರ್ಣವಾಗಿ ನಿಂತ ಕಡೆಗಳಲ್ಲಿ ಅದೂ ಒಂದು.

ಸಂವೇದಕಗಳ ಕಥೆಯಲ್ಲಿ ಈ ಪದಕ್ಕೆ ಹೊಸ ಪರೀಕ್ಷೆ ಎದುರಾಯಿತು. 2002ರಲ್ಲಿ ಅಮೆರಿಕದ ಮೇನ್ ಕರಾವಳಿಯ ಗ್ರೇಟ್ ಡಕ್ ದ್ವೀಪದಲ್ಲಿ ಕಡಲಹಕ್ಕಿಗಳ ಬಿಲಗಳೊಳಗೆ ಪುಟ್ಟ ಸಂವೇದಕಗಳನ್ನು ಇಟ್ಟರು. ಮನುಷ್ಯರು ಹೋಗಿ ಗೂಡು ಕೆದಕಿದರೆ ಹಕ್ಕಿಗೆ ತೊಂದರೆ. ಸಂವೇದಕ ಸದ್ದಿಲ್ಲದೆ ತಾಪ, ತೇವ ಅಳೆಯುತ್ತದೆ. ಆದರೆ ಅದರ ಬ್ಯಾಟರಿ ಚಿಕ್ಕದು, ಅಳೆಯುವುದಕ್ಕಿಂತ ಅಳೆದದ್ದನ್ನು ರೇಡಿಯೊದಲ್ಲಿ ಕಳಿಸುವುದಕ್ಕೆ ಶಕ್ತಿ ಹೆಚ್ಚು ಖರ್ಚು. ಆ ಕಾಲದಲ್ಲೇ ಬರ್ಕ್ಲಿಯಲ್ಲಿ ಸ್ಯಾಮ್ಯುಯೆಲ್ ಮ್ಯಾಡನ್ ಮತ್ತು ಸಂಗಡಿಗರು ಟೈನಿಡಿಬಿ ಎಂಬ ವ್ಯವಸ್ಥೆ ಕಟ್ಟಿದರು. ಎಲ್ಲ ಅಂಕಿಗಳನ್ನೂ ಕೇಂದ್ರಕ್ಕೆ ತರಿಸಿಕೊಂಡು ಆಮೇಲೆ ಹುಡುಕುವ ಬದಲು ಪ್ರಶ್ನೆಯನ್ನೇ ಸಂವೇದಕಗಳ ಜಾಲದೊಳಕ್ಕೆ ಕಳಿಸುವುದು ಅದರ ಉಪಾಯ. ಇಷ್ಟು ಹೊತ್ತಿಗೊಮ್ಮೆ ಅಳೆ, ಇಷ್ಟಕ್ಕಿಂತ ಹೆಚ್ಚಿದ್ದರೆ ಮಾತ್ರ ಹೇಳು, ದಾರಿಯಲ್ಲೇ ಸರಾಸರಿ ತೆಗೆದು ಕಳಿಸು. ಕೇಳುವ ತನಕ ಅಲ್ಲಿ ದತ್ತವೇ ಇಲ್ಲ. ಪ್ರಶ್ನೆ ಹೋದ ಮೇಲೆ ಅದು ಹುಟ್ಟುತ್ತದೆ. ಭೂತಕೃದಂತವಾಗಿದ್ದ ಪದಕ್ಕೆ ‘ಇನ್ನು ಕೊಡಬೇಕಾದದ್ದು’ ಎಂಬ ಅರ್ಥವೂ ಕೂಡಿಕೊಂಡಿತು.

ಬೇರೆ ಬೇರೆ ತಯಾರಕರ, ಬೇರೆ ಬೇರೆ ಇಲಾಖೆಗಳ ಸಂವೇದಕಗಳು ಒಂದೇ ಮಾತಾಡಲಿ ಎಂದು ವೆಬ್ ಕನ್ಸಾರ್ಷಿಯಂ ಮತ್ತು ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ ಸೇರಿ 2017ರಲ್ಲಿ ಒಂದು ಸಾಮಾನ್ಯ ಪದಕೋಶವನ್ನು ಗೊತ್ತುಮಾಡಿದವು. ಅದರ ತಿರುಳು ‘ಸೋಸಾ’. ಒಂದು ವೀಕ್ಷಣೆಯನ್ನು ಹೀಗೆ ಬರೆಯಬೇಕೆಂದು ಅದು ಹೇಳುತ್ತದೆ: ಯಾವ ಸಂವೇದಕ ಅಳೆಯಿತು, ಯಾವುದನ್ನು ಕುರಿತು ಅಳೆಯಿತು, ಅದರ ಯಾವ ಗುಣವನ್ನು, ಯಾವ ವಿಧಾನದಿಂದ, ಫಲ ಏನು. ಕಾಲ ಎರಡು: ಸಂಗತಿ ನಡೆದ ಕಾಲ ಒಂದು, ಫಲ ಕೈಗೆ ಬಂದ ಕಾಲ ಇನ್ನೊಂದು. ಈ ಪಟ್ಟಿಯನ್ನು ದಾನಶಾಸನದ ಪಕ್ಕ ಇಟ್ಟರೆ ಗೆರೆಗೆ ಗೆರೆ ಹೊಂದುತ್ತದೆ. ಒಂದರಲ್ಲಿ ಭೂಮಿ, ಇನ್ನೊಂದರಲ್ಲಿ ಅಳತೆ. ಎರಡರಲ್ಲೂ ಕೊಟ್ಟದ್ದು ತಮ್ಮ ಎದುರು ಇಲ್ಲದ, ಮುಂದೆಂದೋ ಓದುವ ಅಪರಿಚಿತನಿಗೂ ತಿಳಿಯಬೇಕೆಂಬ ಕಾಳಜಿ ಒಂದೇ.

ಎರಡು ಕಾಲ ಯಾಕೆ ಬೇಕು ಎಂಬುದು ಮಳೆಯ ಲೆಕ್ಕ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಭಾರತದಲ್ಲಿ ಮಳೆಯ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಇವತ್ತಿನ ಮಳೆ ಎಂದು ದಾಖಲಾದದ್ದರಲ್ಲಿ ಹೆಚ್ಚಿನ ಪಾಲು ನಿನ್ನೆ ಸುರಿದಿರಬಹುದು. 12 ಎಂಬ ಬರಿಯ ಅಂಕಿ ರೈತನಿಗೆ ಏನನ್ನೂ ಹೇಳದು. 12 ಮಿಲಿಮೀಟರ್, ಇಂಥ ಪಂಚಾಯಿತಿಯ ಮಾಪಕದಲ್ಲಿ, ಈ ಹೊತ್ತಿನಿಂದ ಈ ಹೊತ್ತಿನವರೆಗೆ ಎಂದಾಗ ಅದು ಬಿತ್ತನೆಗೆ ಬರುತ್ತದೆ, ಬೆಳೆವಿಮೆಯ ಲೆಕ್ಕಕ್ಕೆ ಬರುತ್ತದೆ, ಬರ ಘೋಷಣೆಯ ಕಡತಕ್ಕೂ ಬರುತ್ತದೆ. ಕರ್ನಾಟಕದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿದೆ. 1988ರಲ್ಲಿ ಬರದ ಮೇಲೆ ನಿಗಾ ಇಡಲು ಹುಟ್ಟಿದ ಘಟಕವೊಂದು ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಯಲಹಂಕದಲ್ಲಿ ಕೂತು ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟ 6000ಕ್ಕೂ ಹೆಚ್ಚು ಮಳೆಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಅಂಕಿ ಪಡೆಯುತ್ತದೆ. ಸೌರಫಲಕದಿಂದ ನಡೆಯುವ ಈ ಪುಟ್ಟ ಯಂತ್ರಗಳು ಮೊಬೈಲ್ ಜಾಲದ ಮೂಲಕ ತಾವೇ ಕಳಿಸುತ್ತವೆ. ನಗರಗಳ ಬಸ್ಸು, ಗಾಳಿಯ ಗುಣಮಟ್ಟ ಮುಂತಾದ ದತ್ತಾಂಶದ ಕೊಡುಕೊಳ್ಳುವಿಕೆಗೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದೊಡನೆ ಸೇರಿ ಇಂಡಿಯಾ ಅರ್ಬನ್ ಡೇಟಾ ಎಕ್ಸ್‌ಚೇಂಜ್ ಎಂಬ ವೇದಿಕೆಯನ್ನು ರೂಪಿಸಿದೆ. ಕೊಡುವವರು, ಕೇಳುವವರು, ನಡುವೆ ಒಪ್ಪಿಗೆಯನ್ನು ಪರಿಶೀಲಿಸುವ ವ್ಯವಸ್ಥೆ: ಮೂರಕ್ಕೂ ಅಲ್ಲಿ ಬೇರೆ ಬೇರೆ ಜಾಗ.

ಒಪ್ಪಿಗೆಯ ಮಾತಿನಲ್ಲೇ ಈ ಪದದ ಇಂದಿನ ಸಂಕಟವೂ ಇದೆ. ಮಾಪಕ ಮಳೆಯನ್ನು ಅಳೆದರೆ ಮಳೆಯ ಅನುಮತಿ ಬೇಕಿಲ್ಲ. ಮನುಷ್ಯನ ನಡೆ, ನಾಡಿಬಡಿತ, ಖರೀದಿ, ನಿದ್ದೆ ಅಳೆದು ಅದನ್ನೂ ದತ್ತಾಂಶ ಎಂದರೆ ಕೊಟ್ಟವರು ಯಾರು? ಅಮೆರಿಕದ ವಿದುಷಿ ಜೊಹಾನ್ನಾ ಡ್ರಕರ್ 2011ರಲ್ಲಿ ಬೇರೆಯೇ ಕಾರಣಕ್ಕೆ, ಅಂದರೆ ಯಾವ ಅಂಕಿಯೂ ತಾನಾಗಿ ಸಿಗದೆ ನೋಡುವವರ ಆಯ್ಕೆಯಿಂದ ರೂಪುಗೊಳ್ಳುತ್ತದೆಂದು ಹೇಳಿ, ಅದನ್ನು ‘ಡೇಟಾ’ ಎನ್ನದೆ ತೆಗೆದುಕೊಂಡದ್ದು ಎಂಬರ್ಥದ ‘ಕ್ಯಾಪ್ಟಾ’ ಎನ್ನಬೇಕೆಂದು ವಾದಿಸಿದರು. ಕನ್ನಡದಲ್ಲಿ ಇದಕ್ಕೆ ಪದ ಹುಡುಕಬೇಕಿಲ್ಲ, ‘ಗೃಹೀತ’ ಇದೆ. ತೆಗೆದುಕೊಂಡದ್ದು ಎಂಬುದೇ ಅದರ ಮೂಲಾರ್ಥ. ಬಳಕೆಯಲ್ಲಿ ಕೇಳದೆಯೇ ಇದೆಯೆಂದು ಭಾವಿಸಿಕೊಂಡದ್ದಕ್ಕೆ ಹಾಗೆನ್ನುತ್ತೇವೆ. ನಮ್ಮ ಒಪ್ಪಿಗೆಯನ್ನು ಗೃಹೀತವೆಂದು ಹಿಡಿದು ಸಂಗ್ರಹಿಸಿದ್ದಕ್ಕೆ ದತ್ತ ಎಂಬ ಹೆಸರು ಸಲ್ಲದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಗೆರೆಯನ್ನು ಎಳೆಯಲು ಹೊರಟಿದೆ. ಒಪ್ಪಿಗೆ ಸ್ವತಂತ್ರವಾಗಿರಬೇಕು, ಇಂತಿಷ್ಟಕ್ಕೆ ಎಂದು ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು, ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಪಷ್ಟ ಕ್ರಿಯೆಯಿಂದ ತೋರಿಸಿದ್ದಾಗಿರಬೇಕು ಎನ್ನುತ್ತದೆ. ಶಾಸನಗಳ ‘ಧಾರಾಪೂರ್ವಕ’ ಎಂಬ ಮಾತು ಇಲ್ಲಿ ನೆನಪಿಗೆ ಬರಬೇಕು. ಅಂಗೈಯಿಂದ ನೀರು ಬಿಟ್ಟು, ಸಾಕ್ಷಿಗಳು ನೋಡುತ್ತಿದ್ದಂತೆ, ‘ಇದು ಇನ್ನು ನಿನ್ನದು’ ಎಂದರೆ ಮಾತ್ರ ಅದು ದತ್ತಿ. ಉದ್ದನೆಯ ಷರತ್ತುಗಳ ಕೊನೆಯಲ್ಲಿ ಓದದೆ ಒತ್ತಿದ ಗುಂಡಿ ಆ ಧಾರೆಯ ಎತ್ತರಕ್ಕೆ ಏರುವುದಿಲ್ಲ.

ಆಡುಮಾತಿನಲ್ಲಿ ಈಗ ‘ಡೇಟಾ’ ಎಂದರೆ ಮೊಬೈಲಿನ ಪ್ಯಾಕು: ಡೇಟಾ ಆನ್ ಮಾಡು, ಡೇಟಾ ಖಾಲಿ ಆಯ್ತು. ಅದು ಆ ಪದಕ್ಕೆ ನಮ್ಮ ಬೀದಿ ಕೊಟ್ಟ ಹೊಸ ಬಾಳು, ಇರಲಿ. ಬರವಣಿಗೆಯಲ್ಲಿ, ಆಡಳಿತದಲ್ಲಿ, ಪಾಠದಲ್ಲಿ ‘ದತ್ತಾಂಶ’ವನ್ನು ಬಳಸುವಾಗ ಮಾತ್ರ ಅದರ ಹೊಣೆಯನ್ನೂ ಹೊರಬೇಕೆಂಬುದು ನನ್ನ ಆಗ್ರಹ. ಮುಚ್ಚಿದ ಪಿಡಿಎಫ್‌ನಲ್ಲಿ ಚಿತ್ರವಾಗಿ ಅಂಟಿಸಿದ ಕೋಷ್ಟಕ ಕೊಟ್ಟಂತೆ ಕಾಣುತ್ತದೆ, ಕೊಟ್ಟದ್ದಲ್ಲ. ಯಾವ ಪ್ರಶ್ನೆಗೂ ಅದು ಉತ್ತರ ಕೊಡಲಾರದು. ರಾಯಚೂರಿನ ವಿದ್ಯಾರ್ಥಿನಿಯೊಬ್ಬಳು ತನ್ನ ಹೋಬಳಿಯ ಹತ್ತು ವರ್ಷದ ಮುಂಗಾರನ್ನೂ ಅಂತರ್ಜಲದ ಮಟ್ಟವನ್ನೂ ಕನ್ನಡದಲ್ಲೇ ಕೇಳಿ, ಒಂದರ ಪಕ್ಕ ಒಂದನ್ನು ಇಟ್ಟು ನೋಡುವಂತಾಗಬೇಕು. ಅದಕ್ಕೆ ತಂತ್ರಜ್ಞಾನದ ಕೊರತೆ ಇಲ್ಲ. ಆರ್‌ಡಿಎಫ್ ಇದೆ, ಸ್ಪಾರ್ಕಲ್ ಇದೆ, ಸೋಸಾ ಇದೆ. ಬೇಕಿರುವುದು ಕೊಡುವವರ ಮನಸ್ಸು, ಮತ್ತು ಎಲ್ಲೆ ಹೇಳುವಾಗ ಊರ ಭಾಷೆಗೆ ಹೊರಳಿದ ಆ ಹಳೆಯ ಬರಹಗಾರರ ವಿವೇಕ: ಪ್ರತಿ ಗುಣಕ್ಕೆ, ಪ್ರತಿ ಮಾನಕ್ಕೆ, ಪ್ರತಿ ಸ್ಥಳಕ್ಕೆ ಕನ್ನಡದ ಹೆಸರನ್ನೂ ಬರೆದಿಡುವುದು. ಯಾರು ಕೊಟ್ಟದ್ದು, ಯಾವಾಗ, ಯಾವ ಅಳತೆಯಲ್ಲಿ, ಎಲ್ಲಿಂದ ಎಲ್ಲಿಯವರೆಗೆ, ಯಾರ ಒಪ್ಪಿಗೆಯಿಂದ: ಈ ಐದಕ್ಕೂ ಉತ್ತರವಿರುವುದನ್ನು ದತ್ತಾಂಶ ಎನ್ನೋಣ. ಉಳಿದವು ಬರಿಯ ಅಂಕಿಗಳು.